ಪದಚರ್ಚೆ: ಅಮೆರಿಕದ ನ್ಯಾಯ ನೆರವು ಅನುದಾನ ಮತ್ತು ‘ಸಪ್ಲಾಂಟ್’ ಎಂಬ ಕ್ರಿಯಾಪದ

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಫೆಡರಲ್ ಸರ್ಕಾರವು ರಾಜ್ಯಗಳ ಮತ್ತು ಊರುಗಳ ಪೊಲೀಸ್, ಕೋರ್ಟು, ಜೈಲುಗಳಿಗೆ ಕೊಡುವ ಹಣದ ಬಗೆಗಿನ ದೀರ್ಘ ಲೇಖನವೊಂದನ್ನು ಮಾಸಪತ್ರಿಕೆಯೊಂದಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಹೆಚ್ಚಿನ ಪದಗಳಿಗೆ ದಾರಿ ಸಿಕ್ಕಿದೆ, ‘ಸಪ್ಲಾಂಟ್’ ಒಂದಕ್ಕೆ ಸಿಕ್ಕಿಲ್ಲ. ಅನುದಾನದ ಕಾನೂನಿನಲ್ಲಿ ಅದು ‘ಸಪ್ಲಿಮೆಂಟ್’ ಜೊತೆ ಜೋಡಿಯಾಗಿ ಬರುತ್ತದೆ: ಫೆಡರಲ್ ಹಣ ಸ್ಥಳೀಯ ಹಣಕ್ಕೆ ‘ಸಪ್ಲಿಮೆಂಟ್’ ಆಗಬೇಕು, ಅದನ್ನು ‘ಸಪ್ಲಾಂಟ್’ ಮಾಡಬಾರದು. ಮೊದಲರ್ಧಕ್ಕೆ ‘ಪೂರಕ’ ಹೇಳಿ ಮಾಡಿಸಿದಂತಿದೆ. ಎರಡನೆಯದಕ್ಕೆ ‘ಸ್ಥಾನಪಲ್ಲಟಗೊಳಿಸು’ ಎಂದರೆ ಲೆಕ್ಕಪತ್ರದ ಮಾತು ಅನ್ನಿಸುವುದಿಲ್ಲ, ನಾಟಕದ ಕಂಪನಿಯಲ್ಲಿ ನಾಯಕ ಬದಲಾದ ಹಾಗೆ ಕೇಳಿಸುತ್ತದೆ.

ಹಣ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ಇಂಥ ಅನುದಾನಗಳಲ್ಲಿ ಹೆಚ್ಚು ಕೇಳಿಬರುವುದು ಎಡ್ವರ್ಡ್ ಬರ್ನ್ ಹೆಸರಿನ ನ್ಯಾಯ ನೆರವು ಅನುದಾನ; ಅಲ್ಲಿಯವರ ಬಾಯಲ್ಲಿ ಅದು ಬರೀ ‘ಜ್ಯಾಗ್’. (ಇಂಗ್ಲಿಷ್ ಕಾಗುಣಿತ ನೋಡಿ ‘ಬೈರ್ನ್’ ಎಂದು ಬರೆಯುವ ಆಸೆಯಾಗುತ್ತದೆ, ಉಚ್ಚಾರ ‘ಬರ್ನ್’.) ಆತ ನ್ಯೂಯಾರ್ಕ್ ನಗರದ 22 ವರ್ಷದ ಪೊಲೀಸ್. ಮಾದಕ ವಸ್ತು ಮಾರುವವರ ವಿರುದ್ಧ ದೂರು ಕೊಟ್ಟಿದ್ದ ಸಾಕ್ಷಿಯೊಬ್ಬರ ಮನೆಗೆ ಕಾವಲಾಗಿ ಕ್ವೀನ್ಸ್‌ನ ಬೀದಿಯೊಂದರಲ್ಲಿ ಗಸ್ತು ಕಾರಿನೊಳಗೆ ಕುಳಿತಿದ್ದಾಗ, 1988ರ ಫೆಬ್ರವರಿ 26ರ ನಸುಕಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಮಾದಕ ವಸ್ತು ತಡೆಗೆಂದು ಅದೇ ವರ್ಷ ಬಂದ ಕಾಯ್ದೆಯ ಅನುದಾನಕ್ಕೆ ಅವರ ಹೆಸರಿಟ್ಟರು. ಈಗಿನ ರೂಪ ಬಂದದ್ದು 2005ರಲ್ಲಿ, ಅದನ್ನು ಇನ್ನೊಂದು ಅನುದಾನದ ಜೊತೆ ಒಂದುಗೂಡಿಸಿದಾಗ. ಮೂಲ ಲೇಖನ ಅವರನ್ನು ‘ಆಫೀಸರ್’ ಎನ್ನುತ್ತದೆ. ಅಲ್ಲಿ ಅದು ನಮ್ಮ ಕಾನ್‌ಸ್ಟೆಬಲ್ ದರ್ಜೆ. ‘ಅಧಿಕಾರಿ’ ಎಂದು ಬರೆದರೆ ನಮ್ಮ ಓದುಗರು ಕನಿಷ್ಠ ಪಿಎಸ್‌ಐ ಎಂದುಕೊಳ್ಳುತ್ತಾರೆ. ಹಾಗಾಗಿ ‘ಪೊಲೀಸ್ ಸಿಬ್ಬಂದಿ’ ಎಂದಿಟ್ಟಿದ್ದೇನೆ.

ಯಾವ ರಾಜ್ಯಕ್ಕೆ ಎಷ್ಟು ಎಂಬುದನ್ನು ಒಂದು ಸೂತ್ರ ತೀರ್ಮಾನಿಸುತ್ತದೆ. ಅರ್ಧ ತೂಕ ಜನಸಂಖ್ಯೆಗೆ, ಇನ್ನರ್ಧ ಹಿಂಸಾತ್ಮಕ ಅಪರಾಧಗಳಿಗೆ. ಎಷ್ಟೇ ಸಣ್ಣ ರಾಜ್ಯವಾದರೂ ಒಟ್ಟು ಮೊತ್ತದ ಶೇ 0.25ಕ್ಕಿಂತ ಕಡಿಮೆ ಇಲ್ಲ. ರಾಜ್ಯದ ಪಾಲಿಗೆ ಬಂದುದರಲ್ಲಿ ಶೇ 60 ರಾಜ್ಯ ಸರ್ಕಾರಕ್ಕೆ, ಶೇ 40 ಸ್ಥಳೀಯ ಸರ್ಕಾರಗಳಿಗೆ. ಲೆಕ್ಕದ ಪ್ರಕಾರ 10 ಸಾವಿರ ಡಾಲರಿಗಿಂತ ಕಡಿಮೆ ಬರುವ ಊರಿಗೆ ನೇರವಾಗಿ ಹಣ ಕೊಡುವುದಿಲ್ಲ. ಆ ಚಿಲ್ಲರೆಯೆಲ್ಲ ಸೇರಿ ರಾಜ್ಯದ ಕೈಗೆ ಹೋಗುತ್ತದೆ. ಇದನ್ನು ‘ಸೂತ್ರಾಧಾರಿತ ಅನುದಾನ’ ಎಂದಿದ್ದೇನೆ. ಕರಡು ತಿದ್ದುವವರು ‘ಸೂತ್ರಧಾರಿತ’ ಮಾಡದಿದ್ದರೆ ಸಾಕು.

ಈಗ ‘ಸಪ್ಲಾಂಟ್’. ಒಂದು ನಗರಸಭೆ ಎಂದುಕೊಳ್ಳಿ. ಮುಂದಿನ ವರ್ಷ ಐದು ಗಸ್ತು ಕಾರು ಕೊಳ್ಳಲು ತನ್ನ ಬಜೆಟ್ಟಿನಲ್ಲಿ ಹಣ ತೆಗೆದಿರಿಸಿದೆ. ಅಷ್ಟರಲ್ಲಿ ಅನುದಾನ ಮಂಜೂರಾಗುತ್ತದೆ. ತನ್ನ ಹಣದಲ್ಲಿ ಐದು, ಅನುದಾನದಲ್ಲಿ ಎರಡು, ಒಟ್ಟು ಏಳು ಕಾರು ಕೊಂಡರೆ ಅದು ಪೂರಕ. ಅನುದಾನದಲ್ಲಿ ಆ ಐದು ಕಾರನ್ನೇ ಕೊಂಡು, ತಾನಿಟ್ಟಿದ್ದ ಹಣವನ್ನು ಬೀದಿದೀಪಕ್ಕೋ ಉದ್ಯಾನಕ್ಕೋ ತಿರುಗಿಸಿದರೆ ಅದು ‘ಸಪ್ಲಾಂಟ್’. ಎರಡನೆಯದರಲ್ಲಿ ಅನುದಾನದ ಒಂದು ಸೆಂಟ್ ಕೂಡ ಪೋಲಾಗಿಲ್ಲ ಎಂಬುದನ್ನು ಗಮನಿಸಿ. ಮಂಜೂರಾದ ಕಾರಿಗೇ ಖರ್ಚಾಗಿದೆ, ರಸೀದಿ ಇದೆ, ಕಾರು ಕಣ್ಣೆದುರಿಗೇ ನಿಂತಿದೆ. ಆದ್ದರಿಂದ ನಮ್ಮ ಲೆಕ್ಕ ತಪಾಸಣೆಯ ವರದಿಗಳ ‘ದುರ್ಬಳಕೆ’, ‘ದುರ್ವಿನಿಯೋಗ’, ‘ಅನ್ಯ ಉದ್ದೇಶಕ್ಕೆ ಬಳಕೆ’ ಮೂರೂ ಇಲ್ಲಿ ಸಲ್ಲುವುದಿಲ್ಲ. ಬಂದ ಹಣದ ಖರ್ಚು ಸರಿಯಾಗಿಯೇ ಇದೆ. ತಪ್ಪಿರುವುದು ಮೆಲ್ಲಗೆ ಜಾರಿಕೊಂಡ ಸ್ವಂತ ಹಣದಲ್ಲಿ.

ಇನ್ನೊಂದು ತೊಡಕು. ತೆರಿಗೆ ವರಮಾನ ಕುಸಿದಿತ್ತು, ಕಾರಿನ ಹಣವನ್ನು ಹೇಗೂ ಕಡಿತ ಮಾಡಲೇಬೇಕಿತ್ತು, ಅನುದಾನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಗರಸಭೆ ಕಡತದಲ್ಲಿ ತೋರಿಸಿಕೊಟ್ಟರೆ, ಅದೇ ಐದು ಕಾರನ್ನು ಅನುದಾನದಲ್ಲಿ ಕೊಂಡರೂ ತಪ್ಪಲ್ಲ. ಅಂದರೆ ‘ಅನುದಾನ ಬಂತು ಎಂಬ ಕಾರಣಕ್ಕೇ’ ಎಂಬ ಅರ್ಥ ಆ ಕ್ರಿಯಾಪದದ ಒಳಗೇ ಇದೆ. ‘ಬದಲಿ’ ಎಂದರೆ ಈ ಕಾರಣ ಮಾಯವಾಗುತ್ತದೆ.

ನನ್ನ ಕರಡಿನಲ್ಲಿ ಸದ್ಯಕ್ಕೆ ‘ಪೂರಕವಾಗಬೇಕು, ಪರ್ಯಾಯವಾಗಬಾರದು’ ಎಂದಿದೆ. ಕಿವಿಗೆ ಹಿತ, ಮೂಲದ ಪ್ರಾಸವೂ ಉಳಿಯುತ್ತದೆ. ಆದರೆ ‘ಪರ್ಯಾಯ’ಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರಿದೆ. ಪರ್ಯಾಯ ಮಾರ್ಗ, ಪರ್ಯಾಯ ಬೆಳೆ, ಪರ್ಯಾಯ ರಾಜಕಾರಣ. ಉಡುಪಿಯವರಿಗಂತೂ ಅದು ಎರಡು ವರ್ಷಕ್ಕೊಮ್ಮೆ ಬರುವ ಉತ್ಸವ. ನಿಷೇಧಿಸಬೇಕಾದ ಕೆಲಸದ ವಾಸನೆ ಅದರಲ್ಲಿಲ್ಲ. ‘ಸ್ವಂತ ಹಣದ ಎತ್ತಂಗಡಿ’ ಎಂದೂ ಯೋಚಿಸಿದೆ. ವರ್ಗಾವಣೆ ಸುದ್ದಿಗಳ ಖಾರ ಆ ಪದಕ್ಕಿದೆ, ನನಗದು ಇಷ್ಟ, ಆದರೆ ಕಾನೂನಿನ ಸಾಲಿನಲ್ಲಿ ಕೂರಿಸಿದರೆ ನಗು ಬರುತ್ತದೆ. ‘ಅನುದಾನ ಬಂದಿತೆಂದು ಸ್ವಂತ ಹಣವನ್ನು ಹಿಂತೆಗೆಯಬಾರದು’ ಎಂದರೆ ಅರ್ಥ ನಿಚ್ಚಳ. ಕಷ್ಟವೆಂದರೆ ಲೇಖನದಲ್ಲಿ ಈ ಪದ ಪುಟಪುಟಕ್ಕೂ ಬರುತ್ತದೆ, ಪ್ರತಿ ಸಲ ಇಡೀ ವಾಕ್ಯವನ್ನು ಹೊರುವುದು ಆಗದು.

ಇಂಥ ವ್ಯವಹಾರ ನಮಗೆ ಹೊಸದೇನಲ್ಲ. ಬಜೆಟ್ಟಿನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳಿಗೆಂದು ಪಾಲು ತೆಗೆದಿರಿಸುವ 2013ರ ಕರ್ನಾಟಕದ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ 7(ಡಿ) ಕಲಮಿನ ಬಗ್ಗೆ ವರ್ಷಗಟ್ಟಲೆ ತಕರಾರು ನಡೆದು, 2023ರಲ್ಲಿ ಅದನ್ನು ಕೈಬಿಟ್ಟದ್ದು ನೆನಪಿರಬಹುದು. ಎಲ್ಲರಿಗೂ ಸೇರಿದ ಕಾಮಗಾರಿಯ ವೆಚ್ಚದಲ್ಲಿ ಒಂದು ಪಾಲನ್ನು ಪರಿಶಿಷ್ಟರ ಹಣದ ಲೆಕ್ಕಕ್ಕೆ ಬರೆಯಲು ಅದು ಎಡೆ ಮಾಡಿಕೊಡುತ್ತದೆ ಎಂಬುದು ದೂರು. ವಿಶೇಷ ಹಣ ಬಂದು ಸಾಮಾನ್ಯ ಹಣದ ಹೊರೆ ಇಳಿಸುವ ಚಾಳಿ ಎರಡೂ ಕಡೆ ಒಂದೇ. ಅಷ್ಟು ದೊಡ್ಡ ಚರ್ಚೆಯಲ್ಲೂ ನಾನು ಓದುವ ಪತ್ರಿಕೆಗಳು ಇದಕ್ಕೊಂದು ಪದ ಹುಟ್ಟಿಸಲಿಲ್ಲ. ‘7 ಡಿ’ ಎಂಬುದನ್ನೇ ಪದದ ಹಾಗೆ ಬಳಸಿ ಮುಂದೆ ಹೋದವು. ಜಿಲ್ಲಾ ಪಂಚಾಯಿತಿಯ ಲೆಕ್ಕಪತ್ರ ಶಾಖೆಯಲ್ಲಿ, ಖಜಾನೆಯಲ್ಲಿ ದುಡಿದವರು ಬಳಗದಲ್ಲಿ ಇದ್ದರೆ ದಯವಿಟ್ಟು ಹೇಳಿ: ಟಿಪ್ಪಣಿ ಹಾಳೆಯಲ್ಲಿ ಇದಕ್ಕೆ ಏನೆಂದು ಬರೆಯುತ್ತಿದ್ದಿರಿ? ಪುಸ್ತಕದ ಪದ ಬೇಡ, ಮೇಜಿನ ಮೇಲೆ ಓಡಾಡುವ ಪದ ಬೇಕು.

ಉಳಿದವು ಚಿಕ್ಕ ಪ್ರಶ್ನೆಗಳು.

‘ಸ್ಥಳೀಯ ಸಂಸ್ಥೆ’ ಎಂದರೆ ನಮಗೆ ಪಂಚಾಯಿತಿ, ಪುರಸಭೆ. ಅವಕ್ಕೆ ಪೊಲೀಸ್ ಇಲ್ಲ. ಅಮೆರಿಕದಲ್ಲಿ ಊರಿಗೆ ಊರಿನದೇ ಪೊಲೀಸ್ ಇಲಾಖೆ, ಕೌಂಟಿಗೆ ಚುನಾವಣೆಯಲ್ಲಿ ಗೆದ್ದು ಬರುವ ಷೆರಿಫ್, ಅವರ ಕೈಯಲ್ಲಿ ಕೌಂಟಿಯ ಜೈಲು. ದೇಶದಲ್ಲಿ ಇಂಥ ಪೊಲೀಸ್ ಸಂಸ್ಥೆಗಳೇ ಸುಮಾರು 18 ಸಾವಿರ. ‘ಕೌಂಟಿ’ಯನ್ನು ‘ಜಿಲ್ಲೆ’ ಮಾಡಿದರೆ ಜಿಲ್ಲಾಧಿಕಾರಿ, ಎಸ್‌ಪಿ ಎಲ್ಲರೂ ಕಣ್ಣ ಮುಂದೆ ಬಂದು ನಿಲ್ಲುತ್ತಾರೆ. ಹಾಗಾಗಿ ‘ಕೌಂಟಿ’ಯನ್ನೂ ‘ಷೆರಿಫ್’ ಅನ್ನೂ ಹಾಗೆಯೇ ಉಳಿಸಿ, ‘ಸ್ಥಳೀಯ ಸರ್ಕಾರ’ ಎಂದಿದ್ದೇನೆ. ‘ಕೇಂದ್ರ ಸರ್ಕಾರ’ವನ್ನು ಬಿಟ್ಟು ‘ಫೆಡರಲ್ ಸರ್ಕಾರ’ ಎಂದದ್ದೂ ಇದೇ ಕಾರಣಕ್ಕೆ. ಪೊಲೀಸ್ ವಿಷಯ ನಮ್ಮಲ್ಲೂ ರಾಜ್ಯಪಟ್ಟಿಯದು. ದೆಹಲಿಯ ಗೃಹ ಸಚಿವಾಲಯವೂ 1969–70ರಿಂದ ರಾಜ್ಯ ಪೊಲೀಸರ ಆಧುನೀಕರಣಕ್ಕೆ ಹಣ ಕೊಡುತ್ತಾ ಬಂದಿದೆ. ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ನಮ್ಮ ರಾಜ್ಯ ಪೊಲೀಸರ ತಲೆಯ ಮೇಲೆ ಐಪಿಎಸ್ ಇದೆ, ಅಲ್ಲಿ ಅಂಥದ್ದೇನೂ ಇಲ್ಲ.

‘ಗ್ರಾಂಟ್ ಅವಾರ್ಡ್’ ಎಂಬುದನ್ನು ಯಂತ್ರಾನುವಾದ ‘ಅನುದಾನ ಪ್ರಶಸ್ತಿ’ ಮಾಡುತ್ತದೆ. ಷೆರಿಫ್‌ಗೆ ಶಾಲು ಹೊದಿಸಿ ಹಾರ ಹಾಕಿದಂತಿದೆ. ‘ಮಂಜೂರಾತಿ’ ಸಾಕು. ‘ಮ್ಯಾಚ್’ಗೆ ನಮ್ಮಲ್ಲಿ ಚಿನ್ನದಂಥ ಪದವಿದೆ: ವಂತಿಗೆ. 1994ರ ಕಾಯ್ದೆಯಿಂದ ಬಂದ ‘ಕಾಪ್ಸ್’ ಯೋಜನೆಯಲ್ಲಿ ಹೊಸ ಪೊಲೀಸರನ್ನು ನೇಮಿಸಿಕೊಳ್ಳಲು ಊರು ಕನಿಷ್ಠ ಶೇ 25 ವಂತಿಗೆ ಹಾಕಬೇಕು. ಜ್ಯಾಗ್‌ಗೆ ವಂತಿಗೆಯ ಕಟ್ಟಳೆ ಇಲ್ಲ. ‘ಬ್ಲಾಕ್ ಗ್ರಾಂಟ್’ಗೆ, ಅಂದರೆ ಇಂಥದ್ದೇ ಕೆಲಸಕ್ಕೆಂದು ಕಟ್ಟಿಹಾಕದೆ ಒಟ್ಟಾಗಿ ಕೊಡುವ ಹಣಕ್ಕೆ, ‘ಇಡಿಗಂಟು ಅನುದಾನ’ ಸೂಚಿಸುತ್ತಿದ್ದೇನೆ. ಅಂಗನವಾಡಿ ಕಾರ್ಯಕರ್ತೆಯರ ಬೇಡಿಕೆಗಳಲ್ಲಿ ನಾವು ಕೇಳುವ ಪದವೇ ಅದು. ‘ಇಡುಗಂಟು’ ಎಂದೂ ಬರೆಯುತ್ತಾರೆ. ‘ಇಡಿಯಾದ ಗಂಟು’ ಎಂಬ ಅರ್ಥದಲ್ಲಿ ಮೊದಲನೆಯದೇ ಸರಿ ಎಂದು ನನ್ನ ವಾದ. 1968ರಲ್ಲಿ ಅಮೆರಿಕದಲ್ಲಿ ಈ ಅನುದಾನಗಳು ದೊಡ್ಡ ಮಟ್ಟದಲ್ಲಿ ಆರಂಭವಾದಾಗ ನಡೆದ ಜಗಳವೂ ಇದರ ಸುತ್ತಲೇ. ಅಧ್ಯಕ್ಷ ಜಾನ್ಸನ್ ಅವರ ಆಡಳಿತ ನಿರ್ದಿಷ್ಟ ಕೆಲಸಗಳಿಗೆ ಹಣವನ್ನು ನೇರವಾಗಿ ನಗರಗಳಿಗೂ ಕೊಡಬಯಸಿತ್ತು. ಸಂಸತ್ತು ಅದನ್ನು ತಿದ್ದಿ, ಇಡಿಗಂಟಾಗಿ ರಾಜ್ಯಗಳ ಕೈಗೆ ಹಾಕಿತು. ಗವರ್ನರುಗಳು ನಕ್ಕರು, ಮೇಯರುಗಳು ಗೊಣಗಿದರು.

‘ಕ್ರಿಮಿನಲ್ ಜಸ್ಟಿಸ್’ಗೆ ‘ಅಪರಾಧ ನ್ಯಾಯ’ ಎಂದರೆ ಅಪರಾಧಕ್ಕೇ ನ್ಯಾಯ ಕೊಟ್ಟಂತೆ ಕೇಳಿಸುತ್ತದೆ. ಮಳಿಮಠ ಸಮಿತಿಯ 2003ರ ವರದಿಯ ಬಗ್ಗೆ ಬರೆಯುವವರು ‘ಕ್ರಿಮಿನಲ್ ನ್ಯಾಯ ವ್ಯವಸ್ಥೆ’ ಎಂದೂ ಬಳಸುತ್ತಾರೆ. ಅದೇ ಇರಲಿ. ‘ಪೊಲೀಸ್ ಅನುದಾನ’ ಎಂದು ಮೊಟಕು ಮಾಡುವ ಸಂಪಾದಕರ ಆಸೆಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ: ಇದೇ ಹಣದಲ್ಲಿ ಕೋರ್ಟು, ಅಭಿಯೋಜಕರು, ವ್ಯಸನಮುಕ್ತಿ ಚಿಕಿತ್ಸೆ, ಸಾಕ್ಷಿಗಳ ನೆರವು ಎಲ್ಲವೂ ಸೇರುತ್ತವೆ.

ಕೊನೆಯದು. 2017ರ ಜುಲೈಯಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಜ್ಯಾಗ್ ಹಣಕ್ಕೆ ಹೊಸ ಷರತ್ತು ಹಾಕಿದರು. (ಅಲ್ಲಿ ಆ ಹುದ್ದೆ ಸಚಿವರದು, ನಮ್ಮ ಅಟಾರ್ನಿ ಜನರಲ್ ಅಲ್ಲ.) ವಲಸೆ ಅಧಿಕಾರಿಗಳನ್ನು ಜೈಲಿನೊಳಕ್ಕೆ ಬಿಡಬೇಕು, ಅವರು ಕೇಳಿದ ಕೈದಿಯ ಬಿಡುಗಡೆಯನ್ನು ಮುಂಚಿತವಾಗಿ ತಿಳಿಸಬೇಕು ಎಂದು. ಷಿಕಾಗೊ ನಗರ ಕೋರ್ಟಿಗೆ ಹೋಯಿತು. ಸಂಸತ್ತು ಕೊಡದ ಅಧಿಕಾರವನ್ನು ಕಾರ್ಯಾಂಗ ತಾನೇ ತೆಗೆದುಕೊಳ್ಳುವಂತಿಲ್ಲ ಎಂಬ ನಿಲುವನ್ನು 2018ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. 2020ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಇದಕ್ಕೆ ತದ್ವಿರುದ್ಧವಾಗಿ ಹೇಳಿತು. ಈ ವ್ಯಾಜ್ಯದುದ್ದಕ್ಕೂ ಬರುವ ಪದ ‘ಸ್ಯಾಂಕ್ಚುರಿ ಸಿಟಿ’, ಅಂದರೆ ವಲಸಿಗರನ್ನು ಹಿಡಿಯುವ ಫೆಡರಲ್ ಅಧಿಕಾರಿಗಳಿಗೆ ಕೈಜೋಡಿಸಲು ಒಪ್ಪದ ನಗರ. ‘ಅಭಯಾರಣ್ಯ ನಗರ’ ಎಂದರೆ ಹುಲಿ, ಕಾಡೆಮ್ಮೆ ಬೀದಿಗಿಳಿಯುತ್ತವೆ. ‘ಆಶ್ರಯ ನಗರ’ ಚೆನ್ನಾಗಿತ್ತು, ಆದರೆ ನಮ್ಮ ಊರೂರಲ್ಲೂ ಆ ಹೆಸರಿನ ಬಡಾವಣೆ ಇದೆ, ನಿವೇಶನದ ಹಕ್ಕುಪತ್ರ ನೆನಪಾಗುತ್ತದೆ. ‘ಅಭಯ ನಗರ’ ಎಂದು ಬರೆದಿದ್ದೇನೆ. ಆಕ್ಷೇಪವಿದ್ದವರು ಕಾರಣ ಸಹಿತ ತಿಳಿಸಿ. ಲೇಖನ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.