ಫ್ರೀರೆನ್ ಅನಿಮೆ: ಮೊದಲ ನಾಲ್ಕು ಎಪಿಸೋಡ್ ನೋಡಿದವರು ಏನಂತೀರಿ?

ಮಂಗಾಹುಳು:
2023ರ ಸೆಪ್ಟೆಂಬರ್ 29ಕ್ಕೆ ಫ್ರೀರೆನ್‌ನ ಮೊದಲ ನಾಲ್ಕೂ ಎಪಿಸೋಡ್ ಒಟ್ಟಿಗೆ ಬಿಟ್ಟರಲ್ಲ, ಅದೂ ಜಪಾನಿನ ನಿಪ್ಪಾನ್ ಟಿವಿಯಲ್ಲಿ ಶುಕ್ರವಾರ ರಾತ್ರಿ ಸಿನಿಮಾ ಹಾಕುವ ಹೊತ್ತಿಗೆ, ನಾನು ಕೂತ ಜಾಗ ಬಿಟ್ಟು ಏಳದೆ ನೋಡಿ ಮುಗಿಸಿದೆ. 2020ರಿಂದ ಶೋನೆನ್ ಸಂಡೇ ಪತ್ರಿಕೆಯಲ್ಲಿ ಬರುತ್ತಿರುವ ಮೂಲ ಮಂಗಾವನ್ನು (ಜಪಾನಿ ಕಾಮಿಕ್ಸ್) ಎರಡು ಸಲ ಓದಿದ್ದೇನೆ. ಕಥೆ ಗೊತ್ತಿತ್ತು. ಆದರೂ ಒಂದು ವಿಷಯ ತಲೆ ತಿನ್ನುತ್ತಿದೆ.

ಮಂಗಾದಲ್ಲಿ ಐವತ್ತು ವರ್ಷ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಫ್ರೀರೆನ್ ಜೊತೆ ರಾಕ್ಷಸರಾಜನನ್ನು ಕೊಂದ ವೀರ, ಈಗಷ್ಟೇ ನೋಡಿದ ಚೆಲುವ ಹಿಮ್ಮೆಲ್ ಸ್ವಲ್ಪ ಆಚೆಗೆ ಬೋಳು ತಲೆಯ ಕುಳ್ಳ ಮುದುಕ. ಫ್ರೀರೆನ್‌ನಂಥ ಸಾವಿರ ವರ್ಷ ದಾಟಿದ ಎಲ್ಫ್‌ಗೆ (ದೀರ್ಘಾಯುಷಿ ಕುಲದವಳು) ಐವತ್ತು ವರ್ಷ ಅಂದರೆ ಅಷ್ಟೇ ಅಲ್ವಾ, ಅವಳಿಗೆ ಬಿದ್ದ ಏಟೇ ನಮಗೂ ಬೀಳುತ್ತದೆ. ಅನಿಮೆ ನಮ್ಮನ್ನು ಅಲ್ಲಿಗೆ ನಿಧಾನವಾಗಿ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಸುಂದರವಾಗಿದೆ, ಇಲ್ಲ ಅನ್ನಲ್ಲ, ಆದರೆ ಏಟು ಮೆತ್ತಗಾಯಿತು. ಹಿಮ್ಮೆಲ್‌ನ ಅಂತ್ಯಕ್ರಿಯೆಯ ಸೀನಿಗೆ ಬಿಜಿಎಂ (ಹಿನ್ನೆಲೆ ಸಂಗೀತ) ಬೇಕಿತ್ತಾ ಅನ್ನುವುದು ನನ್ನ ಇನ್ನೊಂದು ತಕರಾರು. ನನಗೊಬ್ಬನಿಗೇ ಹೀಗಾ?

ಬರೀ_ಅನಿಮೆ:
ನಾನು ಮಂಗಾ ಮುಟ್ಟಿಲ್ಲ, ಹಾಗಾಗಿ ಏಟು ಮೆತ್ತಗಾಯಿತೋ ಗಟ್ಟಿಯಾಯಿತೋ ಗೊತ್ತಿಲ್ಲ, ನನಗಂತೂ ಸರಿಯಾಗೇ ಬಿತ್ತು. ರಾಕ್ಷಸರಾಜನನ್ನು ಕೊಂದು ವಾಪಸ್ ಬರುವಲ್ಲಿಂದ ಕಥೆ ಶುರು ಅಂತ ಯಾರೂ ಹೇಳಿರಲಿಲ್ಲ, ಎಲ್ಲ ಮುಗಿದ ಮೇಲೆ ಇವರು ಇನ್ನೇನು ತೋರಿಸುತ್ತಾರೆ ಅಂದುಕೊಂಡೆ.

ನನ್ನ ತಲೆಯಲ್ಲಿ ಉಳಿದದ್ದು ಅಂತ್ಯಕ್ರಿಯೆ ಅಲ್ಲ, ಆ ಡ್ರ್ಯಾಗನ್ ಕೊಂಬು. ಫ್ರೀರೆನ್ ಸುಮ್ನೆ ಹಿಮ್ಮೆಲ್ ಹತ್ತಿರ ಇಟ್ಟು ಹೋಗಿ ಐವತ್ತು ವರ್ಷ ಆದ ಮೇಲೆ ಕೇಳಲು ಬರುತ್ತಾಳೆ, ಎಲ್ಲಾದರೂ ಮೂಲೆಯಲ್ಲಿ ಬಿಸಾಕಿದ್ದರೂ ಆಗುತ್ತಿತ್ತು ಅನ್ನುತ್ತಾಳೆ, ಅವನು ನೋಡಿದರೆ ಆ ದರಿದ್ರ ಹೊಗೆ ಕಾರುವ ವಸ್ತುವನ್ನು ಅಷ್ಟೂ ವರ್ಷ ಜೋಪಾನ ಮಾಡಿದ್ದಾನೆ. ಅವಳಿಗೆ ಅದು ನಿನ್ನೆ ಇಟ್ಟ ಸಾಮಾನು. ಅವನಿಗೆ ಇಡೀ ಆಯಸ್ಸು.

ನಿದ್ದೆಗಣ್ಣು:
ಬೈಯಬೇಡಿ. ಎರಡನೇ ಎಪಿಸೋಡಿಗೆ ನಿದ್ದೆ ಬಂತು. ಬಂಡೆಗೆ ಮಂತ್ರ ಹೊಡೆಯುವುದು, ಹೂ ಹುಡುಕುವುದು, ಊಟ, ಮತ್ತೆ ನಡೆಯುವುದು. ಫೈಟ್ ಯಾವಾಗ?

ಕಪ್ಪುಬಿಳುಪು:
@ನಿದ್ದೆಗಣ್ಣು, ಮೂರನೇದರಲ್ಲಿ ಕ್ವಾಲ್ ಅನ್ನುವ ರಾಕ್ಷಸನ ಜೊತೆ ಇತ್ತಲ್ಲ ಸ್ವಾಮಿ, ನಿದ್ದೆಯಲ್ಲಿ ತಪ್ಪಿಹೋಗಿರಬೇಕು! ಎಂಬತ್ತು ವರ್ಷದ ಹಿಂದೆ ಯಾರೂ ತಡೆಯಲಾಗದೆ ಜನರನ್ನು ಕೊಂದ ಅವನ ಮಂತ್ರ ಈಗ ಫ್ರೀರೆನ್‌ನ ಶಿಷ್ಯೆ ಫೆರ್ನ್ ಕಲಿಯುವ ಮಾಮೂಲಿ ಪಾಠ. ಇದೂ ಕಾಲದ ಕಥೆಯೇ, ಫೈಟ್ ವೇಷದಲ್ಲಿ.

@ಮಂಗಾಹುಳು, ಬಿಜಿಎಂ ವಿಷಯಕ್ಕೆ ಅರ್ಧ ಒಪ್ಪುತ್ತೇನೆ. ಸಂಗೀತ ಎವನ್ ಕಾಲ್ ಅವರದು, ವಯೊಲೆಟ್ ಎವರ್‌ಗಾರ್ಡನ್ ಅನಿಮೆಗೆ ಸಂಗೀತ ಮಾಡಿದವರು, ಅಳಿಸುವುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ನೀವು ಧ್ವನಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಫ್ರೀರೆನ್‌ಗೆ ದನಿ ಕೊಟ್ಟವರು ತಾನೆಜಾಕಿ ಅತ್ಸುಮಿ. ಸ್ಪೈ ಫ್ಯಾಮಿಲಿ ಅನಿಮೆಯ ಪುಟ್ಟ ಹುಡುಗಿ ಆನ್ಯಾ ಕೂಡ ಇವರೇ ಅಂದರೆ ನಂಬಲು ಆಗುತ್ತದಾ? ಇಡೀ ಎಪಿಸೋಡ್ ಏರಿಳಿತ ಇಲ್ಲದೆ ಮಾತಾಡಿ, "ಮನುಷ್ಯರ ಆಯಸ್ಸು ಕಡಿಮೆ ಅಂತ ಗೊತ್ತಿತ್ತಲ್ಲ" ಅನ್ನುವ ಕಡೆ ದನಿ ಒಡೆಯುತ್ತದೆ. ಮಂಗಾ ಬಿಡಿಸುವ ಅಬೆ ತ್ಸುಕಾಸ ಅವರ ಚಿತ್ರದಲ್ಲಿ ಅವಳ ಮುಖ ಎಷ್ಟು ಖಾಲಿ ಇರುತ್ತದೆ ಅಂದರೆ, ನಾವೇ ತುಂಬಿಕೊಳ್ಳಬೇಕು. ಇಲ್ಲಿ ತಾನೆಜಾಕಿ ದನಿಯಿಂದ ತುಂಬಿಕೊಟ್ಟಿದ್ದಾರೆ. ಅದು ಲಾಭವೋ ನಷ್ಟವೋ ನೀವು ಹೇಳಿ.

ಇನ್ನು ನೀಲಿ ಹೂ. ಕಪ್ಪುಬಿಳುಪಿನಲ್ಲಿ ಓದುವಾಗ ನನಗೆ ಅದು ಬರೀ ಹೂ. ಪರದೆ ಪೂರ್ತಿ ನೀಲಿ ಆದಾಗ, ಫ್ರೀರೆನ್ ಒಂದು ಹೂವಿಗಾಗಿ ತಿಂಗಳುಗಟ್ಟಲೆ ಯಾಕೆ ಹುಡುಕಿದಳು ಅಂತ ಫೆರ್ನ್‌ಗೆ ಗೊತ್ತಾದ ಹಾಗೆ ನನಗೂ ಗೊತ್ತಾಯಿತು. ಅಂದ ಹಾಗೆ ನಿರ್ದೇಶಕರು ಸೈತೊ ಕೆಯಿಚಿರೊ, 2022ರಲ್ಲಿ ಬೊಚ್ಚಿ ದಿ ರಾಕ್ ಅನಿಮೆಯಲ್ಲಿ ಅಷ್ಟು ಹುಚ್ಚಾಟ ಮಾಡಿಸಿದವರೇ. ಅದೇ ಮನುಷ್ಯ ಇಷ್ಟು ಸುಮ್ಮನಿರಬಲ್ಲರು ಅಂತ ಅಂದುಕೊಂಡಿರಲಿಲ್ಲ.

ನಿದ್ದೆಗಣ್ಣು:
ಕ್ವಾಲ್ ಫೈಟ್ ಎರಡು ನಿಮಿಷವೂ ಇದ್ದ ಹಾಗಿಲ್ಲ, ಅದನ್ನು ಫೈಟ್ ಅಂತ ಲೆಕ್ಕಕ್ಕೆ ಹಿಡಿಯಲ್ಲ 😄 ಆದರೆ ನಾಲ್ಕನೇದರಲ್ಲಿ ಸೂರ್ಯೋದಯ ನೋಡಲು ಫ್ರೀರೆನ್ ನಿದ್ದೆಗೆಟ್ಟು ಎದ್ದಳಲ್ಲ, ಅಲ್ಲಿ ಮಾತ್ರ ನನ್ನ ಕಥೆಯೇ ಅನಿಸಿತು. ಇನ್ನೊಂದು ವಾರ ನೋಡುತ್ತೇನೆ.

ಮಂಗಾಹುಳು:
ಧ್ವನಿ ವಿಷಯ ಒಪ್ಪಿದೆ. ಪುಟ ತಿರುಗಿಸುವ ಏಟಿನ ವಿಷಯ ಮಾತ್ರ ಬಿಡಲ್ಲ, ಓದುವ ವೇಗ ನನ್ನ ಕೈಯಲ್ಲಿತ್ತು, ಇಲ್ಲಿ ಅವರ ಕೈಯಲ್ಲಿದೆ. ಆದರೆ @ಬರೀ_ಅನಿಮೆ ಹೇಳಿದ ಮೇಲೆ ಮೊದಲ ವಾಲ್ಯೂಮ್ ತೆಗೆದು ನೋಡಿದೆ. ಕೊಂಬಿನ ಪ್ಯಾನೆಲ್ ಅಲ್ಲೇ ಇದೆ. ಎರಡು ಸಲವೂ ನಾನು ಅದನ್ನು ಹಾಗೇ ದಾಟಿ ಹೋಗಿದ್ದೆ.

ಐದನೇದು ಅಕ್ಟೋಬರ್ 6ರ ಶುಕ್ರವಾರ. ಮಂಗಾ ಓದಿದವರು ದಯವಿಟ್ಟು ಮುಂದೆ ಬರುವ ಸ್ಟಾರ್ಕ್ ಪಾತ್ರದ ಬಗ್ಗೆ ಇಲ್ಲಿ ಬಾಯಿ ಬಿಡಬೇಡಿ.