ಪದಚರ್ಚೆ: ಶಾಸನದ ‘ಗೇಮಿಂಗ್’ ಕನ್ನಡದಲ್ಲಿ ಜೂಜೇ, ಆಟವೇ, ಪಣದಾಟವೇ?

ಮಾನ್ಯರೆ,

ಆನ್‌ಲೈನ್ ಆಟಗಳನ್ನು ಕುರಿತ ಕಾಯ್ದೆಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಗೇಮಿಂಗ್’ ಎಂಬ ಶಬ್ದಕ್ಕೆ ಯಾವ ಪದ ಸರಿ ಎಂಬುದು ನನ್ನ ಪ್ರಶ್ನೆ. ಪತ್ರಿಕೆಯ ಒಂದೇ ವರದಿಯೊಳಗೆ ಆನ್‌ಲೈನ್ ಜೂಜು, ಆನ್‌ಲೈನ್ ಗೇಮ್, ಬೆಟ್ಟಿಂಗ್ ಮೂರೂ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಕಟ್ಟೆಯ ಮಾತಿಗೆ ಇದರಿಂದ ತೊಂದರೆಯೇನಿಲ್ಲ. ಆದರೆ 2021ರಲ್ಲಿ ನಮ್ಮ ವಿಧಾನಮಂಡಲ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ನ್ಯಾಯಾಲಯದಲ್ಲಿ ಬಿದ್ದದ್ದು ಈ ಪದಗಳ ನಡುವಿನ ಗೆರೆಯ ಮೇಲೆಯೇ. ಆದ್ದರಿಂದ ಇಲ್ಲಿ ಪದವನ್ನು ಸಡಿಲವಾಗಿ ಬಳಸಿದರೆ ವಿಷಯವೇ ಕೈತಪ್ಪುತ್ತದೆ.

1963ರ ಕರ್ನಾಟಕ ಪೊಲೀಸ್ ಕಾಯ್ದೆ ಅಡ್ಡೆ, ಕ್ಲಬ್ಬು, ಬೀದಿಗಳನ್ನು ಕಣ್ಣೆದುರು ಇಟ್ಟುಕೊಂಡು ಬರೆದದ್ದು. ಇಂದಿಗೂ ಠಾಣೆಯ ಪ್ರಥಮ ವರ್ತಮಾನ ವರದಿಗಳಲ್ಲಿ (ಎಫ್‌ಐಆರ್) ‘ಸಾರ್ವಜನಿಕ ಸ್ಥಳದಲ್ಲಿ ಗುಂಪಾಗಿ ಕುಳಿತು ಹಣವನ್ನು ಪಣವಾಗಿ ಕಟ್ಟಿ ಅಂದರ್ ಬಾಹರ್ ಎಂಬ ಇಸ್ಪೀಟ್ ಜೂಜಾಟ ಆಡುತ್ತಿದ್ದಾಗ’ ಎಂಬ ಧಾಟಿಯ ವಾಕ್ಯ ಅಚ್ಚೊತ್ತಿದಂತೆ ಬರುತ್ತದೆ. ಅದರ ಕೆಳಗೆ ಕಲಂ 87 ಕೆ.ಪಿ. ಆಕ್ಟ್ ಎಂದಿರುತ್ತದೆ, ಜಪ್ತಿ ಪಟ್ಟಿಯಲ್ಲಿ 52 ಇಸ್ಪೀಟ್ ಎಲೆಗಳು, ಪಣಕ್ಕಿಟ್ಟ ನಗದು, ನೆಲಕ್ಕೆ ಹಾಸಿದ್ದ ಹಳೆಯ ಪೇಪರು ಇರುತ್ತವೆ. ಆ ವಾಕ್ಯವನ್ನು ನಿಧಾನವಾಗಿ ಓದಿ ನೋಡಿ: ಹಣ ಬೇರೆ, ಪಣ ಬೇರೆ, ಆಟದ ಹೆಸರು ಬೇರೆ, ಜೂಜು ಎಂಬ ಆರೋಪ ಬೇರೆ. ಹೆಡ್ ಕಾನ್‌ಸ್ಟೆಬಲ್ ಬರೆಯುವ ಈ ಕನ್ನಡ, ಕರಡುಗಾರರ ಇಂಗ್ಲಿಷಿಗಿಂತ ಎಷ್ಟೋ ನಿಖರವಾಗಿದೆ ಎಂದು ನನಗೆ ಅನ್ನಿಸುತ್ತದೆ.

ಆಟ ಮೊಬೈಲಿಗೆ ಬಂದ ಮೇಲೆ ಜಪ್ತಿ ಮಾಡಲು ಎಲೆಯೂ ಇಲ್ಲ, ಪೇಪರೂ ಇಲ್ಲ. 2021ರ ಸೆಪ್ಟೆಂಬರಿನಲ್ಲಿ, ಆರಗ ಜ್ಞಾನೇಂದ್ರ ಅವರು ಗೃಹ ಸಚಿವರಾಗಿದ್ದಾಗ, ಅಂಗೀಕಾರವಾಗಿ ಅಕ್ಟೋಬರ್ 5ರಿಂದ ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಕಂಡುಕೊಂಡ ದಾರಿ, ಹಳೆಯ ವ್ಯಾಖ್ಯೆಯನ್ನೇ ಹಿಗ್ಗಿಸುವುದು. ‘ಗೇಮಿಂಗ್’ ಎಂಬುದರೊಳಗೆ ಆನ್‌ಲೈನ್ ಆಟಗಳು ಬಂದವು. ಹಣ ಕೊಟ್ಟು ಪಡೆಯುವ ಟೋಕನ್, ವರ್ಚುವಲ್ ಕರೆನ್ಸಿ, ಎಲೆಕ್ಟ್ರಾನಿಕ್ ಹಣ ವರ್ಗಾವಣೆಗಳೂ ಬಂದವು. ಬೆಟ್ಟಿಂಗ್ ಎಂಬುದರ ವಿವರಣೆಯಲ್ಲಿ, ಫಲಿತಾಂಶ ತಿಳಿಯದ ಯಾವುದೇ ಸಂಗತಿಯ ಮೇಲೆ ಹಣವನ್ನು ಅಪಾಯಕ್ಕೊಡ್ಡುವುದು ಸೇರಿತು, ‘ಕೌಶಲದ ಆಟವೂ ಸೇರಿದಂತೆ’ ಎಂಬ ಮಾತಿನೊಂದಿಗೆ. ಅಪರಾಧ ಸಂಜ್ಞೇಯ, ಅಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು, ಮತ್ತು ಕಲಂ 87ನ್ನು ಬಿಟ್ಟರೆ ಜಾಮೀನುರಹಿತವಾಯಿತು, ಶಿಕ್ಷೆ 3 ವರ್ಷದ ಸೆರೆ ಮತ್ತು 1 ಲಕ್ಷ ರೂಪಾಯಿ ದಂಡದವರೆಗೂ ಹೋಯಿತು. ಲಾಟರಿಗೂ ರೇಸ್‌ಕೋರ್ಸಿನ ಕುದುರೆ ಜೂಜಿಗೂ ಇದ್ದ ವಿನಾಯಿತಿ ಮಾತ್ರ ಹಾಗೆಯೇ ಉಳಿಯಿತು. ಕುದುರೆ ರೇಸನ್ನು ನಾವು ಕನ್ನಡದಲ್ಲಿ ಕುದುರೆ ಜೂಜು ಎಂದೇ ಕರೆಯುತ್ತೇವೆ ಎಂಬುದನ್ನು ನೆನೆದರೆ ಈ ವಿನಾಯಿತಿ ಇನ್ನಷ್ಟು ಸ್ವಾರಸ್ಯವಾಗಿ ಕಾಣುತ್ತದೆ.

2022ರ ಫೆಬ್ರುವರಿ 14ರಂದು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತು ರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 34ನೆಯ ನಮೂದು ಬೆಟ್ಟಿಂಗ್ ಮತ್ತು ಜೂಜನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿದೆ. ಆದರೆ ಆ ನಮೂದಿನ ಪದಗಳಿಗೆ ಬಹುಮಾನ ಸ್ಪರ್ಧೆಗಳನ್ನು ಕುರಿತ 1957ರ ಚಮರ್‌ಬಾಗ್‌ವಾಲಾ ತೀರ್ಪಿನಿಂದ ಹಿಡಿದು ಕುದುರೆ ರೇಸನ್ನು ಕುರಿತ 1996ರ ಲಕ್ಷ್ಮಣನ್ ತೀರ್ಪಿನವರೆಗೆ ಸುಪ್ರೀಂ ಕೋರ್ಟ್ ಕೊಟ್ಟ ಅರ್ಥವೊಂದು ನೆಲೆನಿಂತಿದೆ. ಗೆಲುವು ಮುಖ್ಯವಾಗಿ ಆಡುವವನ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ ಎಂಬುದೇ ಆ ಅರ್ಥ. ಬಿದ್ದ ಎಲೆಗಳನ್ನು ನೆನಪಿಟ್ಟು, ಯಾವುದನ್ನು ಹಿಡಿಯಬೇಕು ಯಾವುದನ್ನು ಎಸೆಯಬೇಕೆಂದು ಲೆಕ್ಕ ಹಾಕಬೇಕಾದ ರಮ್ಮಿ ಮೂರೆಲೆಯ ಆಟದಂತಲ್ಲ ಎಂದು ಆ ಕೋರ್ಟು 1960ರ ದಶಕದಲ್ಲೇ ಹೇಳಿತ್ತು. ನಮೂದಿನ ಪದಕ್ಕಿರುವ ಅರ್ಥವನ್ನು ವಿಧಾನಮಂಡಲ ತನ್ನ ವ್ಯಾಖ್ಯೆಯಿಂದ ಹಿಗ್ಗಿಸಿದರೆ, ತನ್ನ ಅಧಿಕಾರವನ್ನು ತಾನೇ ಹಿಗ್ಗಿಸಿಕೊಂಡಂತಾಗುತ್ತದೆ. ತಮಿಳುನಾಡಿನ ಇಂಥದೇ ತಿದ್ದುಪಡಿಯನ್ನು ಮದ್ರಾಸ್ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ತಳ್ಳಿಹಾಕಿತ್ತು, ಅಂದರೆ ನಮ್ಮ ವಿಧೇಯಕ ಸದನಕ್ಕೆ ಬರುವ ಮೊದಲೇ.

ಕನ್ನಡಕ್ಕೆ ಬರುತ್ತೇನೆ. ‘ಜೂಜು’ ಸಂಸ್ಕೃತದ ದ್ಯೂತದ ತದ್ಭವ, ಹಳಗನ್ನಡದಲ್ಲಿ ಜೂದು. ಈ ಪದದಲ್ಲಿ ಮೊದಲಿನಿಂದಲೂ ನಿಂದೆಯ ಛಾಯೆ ಇದೆ. ಆದರೆ ಆ ನಿಂದೆ ಬಂದದ್ದು ಆಟ ಅದೃಷ್ಟದ್ದು ಎಂಬ ಕಾರಣಕ್ಕಲ್ಲ. ನಮ್ಮ ಜೂಜಿನ ಆದಿಕಥೆಯಲ್ಲಿ ಶಕುನಿ ಗೆದ್ದದ್ದು ದಾಳ ಉರುಳಿಸುವ ಕೈಚಳಕದಿಂದ. ಹಾಗೆಂದು ಧರ್ಮರಾಯ ಸೋತದ್ದು ಕೌಶಲದ ಆಟದಲ್ಲಿ, ಆದ್ದರಿಂದ ಅದು ಜೂಜಲ್ಲ ಎಂದು ಯಾರೂ ವಾದಿಸಿಲ್ಲ. ಕನ್ನಡಿಗನ ಕಿವಿಗೆ ಜೂಜನ್ನು ಜೂಜಾಗಿಸುವುದು ಪಣ ಮತ್ತು ಪಣದಿಂದ ಮನೆ ಹಾಳಾಗುವ ಸಾಧ್ಯತೆ. ನ್ಯಾಯಾಲಯದ ಕಿವಿಗೆ ಅದನ್ನು ಜೂಜಾಗಿಸುವುದು ಆಕಸ್ಮಿಕತೆ. ಹೀಗಾಗಿ 2021ರ ತಿದ್ದುಪಡಿ ಸಂವಿಧಾನದ ಅಳತೆಗೆ ತಪ್ಪಾಗಿದ್ದರೂ ಕನ್ನಡದ ಲೋಕರೂಢಿಗೆ ಹತ್ತಿರವೇ ಇತ್ತು ಎಂಬುದು ನನ್ನ ಅಭಿಪ್ರಾಯ. ಸದನದಲ್ಲಿ ಕುಳಿತವರು ಜೂಜು ಎಂಬುದಕ್ಕೆ ಊರಿನವರು ಕೊಡುವ ಅರ್ಥವನ್ನೇ ಕೊಟ್ಟರು, ಆದರೆ ಅವರಿಗೆ ಅಧಿಕಾರ ಕೊಟ್ಟ ನಮೂದಿನಲ್ಲಿ ಆ ಅರ್ಥ ಇರಲಿಲ್ಲ.

ವ್ಯಾಖ್ಯೆಯ ವಾಕ್ಯರಚನೆಯಲ್ಲೂ ಒಂದು ತೊಡಕಿದೆ. ಇಂಗ್ಲಿಷ್ ಪಠ್ಯದಲ್ಲಿ ‘ಎಂದರೆ’ ಮತ್ತು ‘ಒಳಗೊಳ್ಳುತ್ತದೆ’ ಎರಡನ್ನೂ ಒಟ್ಟಿಗೆ ಹೇಳಲಾಗಿದೆ. ‘ಎಂದರೆ’ ಬೇಲಿ ಹಾಕುತ್ತದೆ, ‘ಒಳಗೊಳ್ಳುತ್ತದೆ’ ಬೇಲಿಯನ್ನು ತೆರೆಯುತ್ತದೆ. ಕನ್ನಡದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಬರೆದರೆ ವಾಕ್ಯ ತಾನೇ ಮುಗ್ಗರಿಸಿ ಕರಡುಗಾರರನ್ನು ಎಚ್ಚರಿಸುತ್ತದೆ. ಕನ್ನಡದಲ್ಲೇ ಯೋಚಿಸಿ ಕರಡು ಮಾಡಿದ್ದರೆ ಈ ತೊಡಕು ಮೇಜಿನ ಮೇಲೆಯೇ ಕಾಣುತ್ತಿತ್ತೋ ಏನೋ. ಆದರೂ 348ನೆಯ ಅನುಚ್ಛೇದದ ಪ್ರಕಾರ ನ್ಯಾಯಾಲಯದ ಮುಂದೆ ಪ್ರಮಾಣಭೂತವೆನಿಸುವುದು ಇಂಗ್ಲಿಷ್ ಪಠ್ಯವೇ ಆದ್ದರಿಂದ, ಕನ್ನಡದ ಪದ ತೂಕ ಪಡೆಯುವುದು ಠಾಣೆಯಲ್ಲಿ, ಪತ್ರಿಕೆಯಲ್ಲಿ, ಸದನದ ಚರ್ಚೆಯಲ್ಲಿ.

ಪಣಕ್ಕೆ ಸಂಬಂಧಿಸಿದ ಪದಸಂಪತ್ತು ನಮ್ಮಲ್ಲಿ ಬೇಕಾದಷ್ಟಿದೆ. ಪಂಥ ಕಟ್ಟು, ಬಾಜಿ ಕಟ್ಟು, ಉತ್ತರದ ಕಡೆ ಶರತ್ತು ಹಚ್ಚು, ಒತ್ತೆ ಇಡು, ಪಣಕ್ಕಿಡು. ಇವುಗಳಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸುವುದು ‘ಪಂದ್ಯ’. ನಿಘಂಟುಗಳು ಇದಕ್ಕೆ ಪಣ, ಬಾಜಿ ಎಂಬ ಅರ್ಥವನ್ನು ಕೊಡುತ್ತವೆ. ತೆಲುಗಿನ ಪಂದೆಂ, ತಮಿಳಿನ ಪಂದಯಂ ಇಂದಿಗೂ ಆ ಅರ್ಥವನ್ನು ಉಳಿಸಿಕೊಂಡಿವೆ. ಆಂಧ್ರದ ಸಂಕ್ರಾಂತಿಯ ಕೋಡಿ ಪಂದೆಂ ನಮ್ಮ ಕರಾವಳಿಯ ಕೋಳಿ ಅಂಕದ ನೆಂಟನೇ. ಕನ್ನಡದಲ್ಲಿ ಮಾತ್ರ ಪಂದ್ಯ ಪಣವನ್ನು ಕಳಚಿಕೊಂಡು ಕ್ರಿಕೆಟ್ ಪಂದ್ಯವಾಯಿತು, ಕಬಡ್ಡಿ ಪಂದ್ಯಾವಳಿಯಾಯಿತು. ಈಗ ‘ಪಂದ್ಯದ ಮೇಲೆ ಬೆಟ್ಟಿಂಗ್’ ಎಂದು ಬರೆಯುವಾಗ, ಹಿಂದೆ ಒಂದೇ ಪದದಲ್ಲಿ ಇದ್ದ ಎರಡು ಅರ್ಥಗಳಿಗೆ ನಾವು ಎರಡು ಪದಗಳನ್ನು ಖರ್ಚು ಮಾಡುತ್ತಿದ್ದೇವೆ. ಹೊಸ ಕಾಯ್ದೆಯ ಭಾಷೆಗೆ ಪಂದ್ಯವನ್ನು ಹಳೆಯ ಅರ್ಥದಲ್ಲಿ ಮರಳಿ ತರುವುದು ಸಾಧ್ಯವಿಲ್ಲ, ಶಾಲಾ ಮಕ್ಕಳ ಖೋಖೋ ಪಂದ್ಯವೂ ಸಂಶಯಕ್ಕೆ ಒಳಗಾದೀತು.

ಹೀಗಾಗಿ ನನ್ನ ಸಲಹೆ ‘ಪಣದಾಟ’. ಹಣವನ್ನೋ ಹಣದ ಬೆಲೆಯುಳ್ಳ ಯಾವುದನ್ನೋ ಗೆಲುವಿನ ನಿರೀಕ್ಷೆಯಿಂದ ಪಣಕ್ಕಿಟ್ಟು ಆಡುವ ಆಟವೆಲ್ಲ ಪಣದಾಟ; ಅದರೊಳಗೆ ಆಕಸ್ಮಿಕತೆಯೇ ಮೇಲುಗೈಯಾದದ್ದು ಮಾತ್ರ ಜೂಜು. ಈ ಭೇದ ಈಗ ಇನ್ನಷ್ಟು ಬೇಕಾಗಿದೆ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ‘ಆನ್‌ಲೈನ್ ಮನಿ ಗೇಮ್’ ಎಂಬ ಹೊಸ ವರ್ಗವನ್ನು ಮಾಡಿ, ಕೌಶಲವೋ ಆಕಸ್ಮಿಕವೋ ಎರಡೂ ಬೆರೆತದ್ದೋ ಎಂದು ನೋಡದೆ ಅದನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ಇಟ್ಟಿದೆ. ಸಂಸತ್ತು ಹಳೆಯ ಪದವನ್ನು ಹಿಗ್ಗಿಸದೆ ಹೊಸ ಹೆಸರು ಇಟ್ಟಿತು. ತಮಿಳುನಾಡು 2022ರ ತನ್ನ ಎರಡನೆಯ ಕಾಯ್ದೆಯಲ್ಲಿ ಮೂರನೆಯ ದಾರಿ ಹಿಡಿದು, ರಮ್ಮಿ ಮತ್ತು ಪೋಕರನ್ನು ಅನುಸೂಚಿಯಲ್ಲಿ ಆಕಸ್ಮಿಕದ ಆಟಗಳೆಂದು ಹೆಸರಿಸಿತು. 2023ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕಾಯ್ದೆಯನ್ನು ಉಳಿಸಿ ಆ ಅನುಸೂಚಿಯನ್ನು ತೆಗೆದುಹಾಕಿತು. ರಮ್ಮಿಯನ್ನು ಏನೆಂದು ಕರೆದರೂ ರಮ್ಮಿ ರಮ್ಮಿಯೇ ಎಂದಂತಾಯಿತು.

‘ಮನಿ ಗೇಮ್’ಗೆ ನೇರವಾಗಿ ‘ಹಣದಾಟ’ ಎನ್ನಬಾರದೇ ಎಂದು ಕೇಳುವವರಿದ್ದಾರೆ. ಚುನಾವಣೆಯ ಕಾಲದಲ್ಲಿ ಹಣದಾಟವೆಂದರೆ ಏನೆಂದು ಎಲ್ಲರಿಗೂ ಗೊತ್ತಿರುವುದರಿಂದ ಬೇಡ ಎನ್ನುತ್ತೇನೆ. ಪಣವೆಂಬುದೇ ಪಕಾರ ಹಕಾರವಾಗಿ ಹಣವಾದದ್ದು. ಪಣದಾಟ, ಹಣದಾಟ ಮೂಲದಲ್ಲಿ ಒಂದೇ ಎಂಬ ಆಕ್ಷೇಪ ಬಂದರೆ ಒಪ್ಪಿಕೊಳ್ಳಬೇಕಾದದ್ದೇ. ಆದರೂ ಇಂದಿನ ಬಳಕೆಯಲ್ಲಿ ಎರಡೂ ಬೇರೆಯಾಗಿ ನಿಂತಿವೆ, ಪೊಲೀಸರ ‘ಹಣವನ್ನು ಪಣವಾಗಿ ಕಟ್ಟಿ’ ಎಂಬ ಮಾತೇ ಅದಕ್ಕೆ ಸಾಕ್ಷಿ.

ಇನ್ನೊಂದು ಜೋಡಿಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ತೀರ್ಪುಗಳ ವರದಿಯಲ್ಲಿ ‘ಕೌಶಲದ ಆಟ’ ಮತ್ತು ‘ಅದೃಷ್ಟದ ಆಟ’ ಎಂಬವು ಹೆಚ್ಚುಕಡಿಮೆ ನೆಲೆಯೂರಿವೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ‘ಅದೃಷ್ಟ’ ಎಂದರೆ ಕನ್ನಡದಲ್ಲಿ ಒಳ್ಳೆಯದಾಗುವುದು, ಖುಲಾಯಿಸುವುದು. ಕಾನೂನು ಹೇಳುವುದು ಯಾರ ಕಡೆಗೂ ವಾಲದ ಆಕಸ್ಮಿಕತೆಯನ್ನು. ‘ಅದೃಷ್ಟದ ಆಟ’ ಎಂದರೆ ಲಾಟರಿಯವನ ಜಾಹೀರಾತಿನ ಹಾಗೆ ಕೇಳುತ್ತದೆ. ತೀರ್ಪುಗಳ ಅಳತೆ ಯಾವುದು ಮೇಲುಗೈ ಎಂಬುದೇ ಆಗಿರುವುದರಿಂದ, ‘ಕೌಶಲಪ್ರಧಾನ ಆಟ’, ‘ಆಕಸ್ಮಿಕಪ್ರಧಾನ ಆಟ’ ಎಂದರೆ ಬರಹಕ್ಕೆ ಒಗ್ಗೀತೇ? ಕೋಲಾರ, ಬಳ್ಳಾರಿಯ ಗಡಿಭಾಗದವರು ‘ಪಂದ್ಯ’ವನ್ನು ಬಾಜಿಯ ಅರ್ಥದಲ್ಲಿ ಈಗಲೂ ಆಡುತ್ತಾರೆಯೇ ಎಂಬುದನ್ನೂ, ವಿಧೇಯಕಗಳ ಭಾಷಾಂತರದಲ್ಲಿ ಕೆಲಸ ಮಾಡಿದವರು ಪೊಲೀಸ್ ಕಾಯ್ದೆಯ ‘ಗೇಮಿಂಗ್’ಗೆ ಯಾವ ಪದವನ್ನು ಆಯ್ದುಕೊಳ್ಳುತ್ತಿದ್ದರು, ಏಕೆ ಎಂಬುದನ್ನೂ ದಯವಿಟ್ಟು ತಿಳಿಸಿ.