ಸಹಾಯ ಬೇಕು: ಹೆರಿಗೆ ರಜೆ ಮುಗಿಸಿ ಬಂದರೆ ನನ್ನ ಜಾಗವೇ ಇಲ್ಲ

ಅಕ್ಕಂದಿರೇ, ಗೆಳತಿಯರೇ, ಒಂದು ಸಲಹೆ ಬೇಕಿತ್ತು. ನಾನು ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. 26 ವಾರಗಳ ರಜೆ ಮುಗಿಸಿ ಕಳೆದ ಸೋಮವಾರ ಹೋದರೆ, ಕಿಟಕಿ ಪಕ್ಕದ ನನ್ನ ಟೇಬಲ್‌ನಲ್ಲಿ ಸಹೋದ್ಯೋಗಿಯೊಬ್ಬಳು ಕೂತಿದ್ದಾಳೆ. ನನ್ನ ಸಾಮಾನೆಲ್ಲ ರಟ್ಟಿನ ಡಬ್ಬದಲ್ಲಿ ತುಂಬಿ ಪ್ರಿಂಟರ್ ಕೆಳಗೆ ತಳ್ಳಿದ್ದರು. ಟೀ ಕಪ್ಪಿನ ಹಿಡಿ ಮುರಿದಿತ್ತು.

ಜಾಗ ಹೋದರೆ ಹೋಗಲಿ, ಚುಚ್ಚುಮಾತು ತಡೆಯೋಕಾಗುತ್ತಿಲ್ಲ. ಹಾಲು ತೆಗೆಯಲು ಪಂಪ್ ಹಿಡಿದು ಸ್ಟೋರ್ ರೂಮಿಗೆ ಹೊರಟರೆ, "ಆರು ತಿಂಗಳು ಆರಾಮಾಗಿದ್ದು ಬಂದ್ರಿ, ಈಗ್ಲೂ ಬ್ರೇಕಾ?" ಅಂತಾರೆ. ಆ ಬಾಗಿಲಿಗೆ ಚಿಲಕವೂ ಇಲ್ಲ. ಬಾಗಿಲಿಗೆ ಬೆನ್ನು ಒತ್ತಿಕೊಂಡೇ ನಿಂತಿರುತ್ತೇನೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲುಣಿಸುವ ಬಿಡುವು ಕಾನೂನಿನಲ್ಲೇ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಕಡೆ ಕ್ರೆಷ್, ಅಂದ್ರೆ ಮಕ್ಕಳನ್ನು ನೋಡಿಕೊಳ್ಳುವ ಸೌಲಭ್ಯವೂ ಇರಬೇಕು. ನಾವು 80 ಜನರಿದ್ದೇವೆ.

ಎಚ್‌ಆರ್‌ಗೆ ಮೊದಲು ಬಾಯಲ್ಲಿ ಹೇಳಲೋ, ನೇರವಾಗಿ ಮೇಲ್ ಹಾಕಲೋ? ಹಾಗೆ ಹಾಕಿದವರಿದ್ದರೆ ಹೇಗೆ ಬರೆದಿರಿ, ದಯವಿಟ್ಟು ತಿಳಿಸಿ. ನನ್ನ ಜಾಗದಲ್ಲಿ ಕೂತಿರುವ ಆ ಹುಡುಗಿಯ ಜೊತೆ ಮನಸ್ತಾಪ ಬೇಡ ಅನಿಸುತ್ತೆ, ನನ್ನ ಸೀಮಂತಕ್ಕೆ ಹಸಿರು ಬಳೆ ತಂದು ತೊಡಿಸಿದವಳು ಅವಳೇ. ಗುರುವಾರ ಮ್ಯಾನೇಜರ್ ಜೊತೆ ಮಾತುಕತೆ ಇದೆ, ಅಷ್ಟರೊಳಗೆ ಹೇಳಿದರೆ ಉಪಕಾರವಾಗುತ್ತೆ.